ಮ್ಯಾಪಿಗೆ ಇಟ್ಟ ಕುಂಕುಮ

ಸೆಪ್ಟೆಂಬರ್ 9, 2025, ಮಂಗಳವಾರ

ಬೆಳಗಿನ ರಿಪೋರ್ಟ್ ಸರಿಯಾದ ಹೊತ್ತಿಗೆ ಬಂತು. ಟ್ಯಾಂಕರ್‌ಗಳು ಹೊರಟವು. ಆಮೇಲೆ ಉಪ್ಪಿಟ್ಟು, ಆಮೇಲೆ ಮೀಟಿಂಗ್. ಉಪ್ಪಿಟ್ಟೇ ವಾಸಿ.

ಮೀಟಿಂಗಿನ ವಿಷಯ ಮತ್ತೆ ಅದೇ — ನಮ್ಮ ಹಾಲಿನ ಡೈರಿಗೆ ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್ಟಿನ ಕಂಪ್ಯೂಟರಿನಲ್ಲಿ, ಎಷ್ಟು ದೊಡ್ಡ ಕೆಪಾಸಿಟಿ ಬಾಡಿಗೆಗೆ ಹಿಡಿಯಬೇಕು? ಕಣಕಟ್ಟೆ, ಬೇಲೂರು, ಹಳೇಬೀಡು, ಸುತ್ತಲಿನ ಹಳ್ಳಿಗಳು — ಎಲ್ಲಾ ಸೆಂಟರ್‌ಗಳ ತೂಕದ ಮಿಷಿನ್‌ನಿಂದ ಹಾಲಿನ ಅಳತೆ, ಫ್ಯಾಟ್ ಮಿಷಿನ್‌ನದೇ ಸಿಮ್ ಮೂಲಕ ನೇರವಾಗಿ ಅಲ್ಲಿಗೆ ಹೋಗುತ್ತದೆ. ಯಾವ ಟ್ಯಾಂಕರ್ ಯಾವ ಊರಿಗೆ ಎಂದು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅದು ಲೆಕ್ಕ ಹಾಕಿ ಹೇಳುತ್ತದೆ. ಹೇಳುವುದು ತಡವಾದರೆ ಟ್ಯಾಂಕರ್ ತಡ. ಟ್ಯಾಂಕರ್ ತಡವಾದರೆ ಹಾಲು ಹುಳಿ.

ಬೆಂಗಳೂರಿನ ಕನ್ಸಲ್ಟೆಂಟ್ ಕಂಪನಿಯವರು ದೊಡ್ಡ ಸೈಜನ್ನೇ ವರ್ಷಕ್ಕೆ ಹಿಡಿಯಿರಿ, ನಾವೇ ನೋಡಿಕೊಳ್ಳುತ್ತೇವೆ ಅನ್ನುತ್ತಾರೆ. ನಾನು ಬೇಡ ಅಂದೆ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಮಾತ್ರ ಅದಕ್ಕೆ ಮೈತುಂಬಾ ಕೆಲಸ. ಮಿಕ್ಕ ಹೊತ್ತು ಆಕಳಿಸಿಕೊಂಡು ಕೂತಿರುತ್ತದೆ. ಅರ್ಧ ಸೈಜು ಸಾಕು. ಜಾಸ್ತಿ ಬೇಕಾದ ದಿನ ಒಂದು ಮೆಟ್ಟಿಲು ಏರಿಸುವುದು, ಆಮೇಲೆ ಇಳಿಸುವುದು.

ಓನರ್ ಪುಟ್ಟಸ್ವಾಮಿ ಸರ್ ಎಲ್ಲವನ್ನೂ ಕೇಳಿ ಮೀಸೆ ಸವರಿಕೊಂಡರು. "ಎಷ್ಟು ಲೀಟರ್ ಕ್ಯಾನ್ ಬೇಕು ಹೇಳಮ್ಮ, ಮುಗೀತು."

"ಸರ್, ಇದು ಹಿಗ್ಗೋ ಕ್ಯಾನು."

"ಹಿಗ್ಗೋ ಕ್ಯಾನು ಅರಸೀಕೆರೇಲಿ ಯಾವ ಅಂಗಡೀಲಿ ಸಿಗ್ತದೆ? ಸರಿ, ದಸರಾ ಮುಗಿಯೋಗಂಟ ನಿಂದೇ ನಡೀಲಿ. ಒಂದೇ ಒಂದ್ಸಲ ರಿಪೋರ್ಟ್ ತಡ ಆದ್ರೆ ಬೆಂಗಳೂರೋರಿಗೆ ಕೊಟ್ಬಿಡ್ತೀನಿ, ನೀನು ಅವರ ಕೈಕೆಳಗೆ ಇರು. ಮತ್ತೆ ಏರ್ಸೋದಾದ್ರೆ ನನ್ನ ಫೋನಿಗೆ ಬರ್ಬೇಕು. ನಾನು ಓಕೆ ಒತ್ತಬೇಕು."

ಮದುವೆ, ಮಗು ಅಂತ ಆರು ವರ್ಷ ಮನೆಯಲ್ಲಿದ್ದು ಮತ್ತೆ ಕೆಲಸಕ್ಕೆ ಬಂದವಳು ನಾನು. ಬಂದಾಗಿನಿಂದ ಎಲ್ಲರೂ ಸಹಾಯ ಮಾಡುವವರೇ. "ದ್ರಾಕ್ಷಾಯಣಿ, ಕಷ್ಟ ಆದ್ರೆ ಬಿಡಿ, ನಾವು ನೋಡ್ಕೋತೀವಿ." ಕಷ್ಟವೇನೂ ಇಲ್ಲ ಮಹನೀಯರೇ. ಇದು ನನ್ನದೇ ಕೆಲಸ ಆಗಬೇಕು. ಬೇಕು ಅಂದರೆ ಬೇಕು.

ಸೆಪ್ಟೆಂಬರ್ 15, ಸೋಮವಾರ

ಅರ್ಧ ಸೈಜಿನಲ್ಲೇ ಓಡುತ್ತಿದೆ! ಬೆಳಿಗ್ಗೆ ಹೊತ್ತು ಕೂಡ ಉಸಿರಾಡಲು ಜಾಗ ಇದೆ.

ಖುಷಿಗೆ ಒಂದು ಮ್ಯಾಪ್ ಪೇಜ್ ಮಾಡಿದೆ. ಎಲ್ಲಾ ಸೆಂಟರ್‌ಗಳೂ ಹಸಿರು ಚುಕ್ಕೆಗಳಾಗಿ ಮಿನುಗುತ್ತವೆ, ಅರ್ಧ ನಿಮಿಷಕ್ಕೊಮ್ಮೆ ತಾನೇ ಹೊಸದಾಗುತ್ತದೆ. ನಮ್ಮ ಪೇಜುಗಳಲ್ಲೆಲ್ಲ ಇದೇ ಭಾರ. ಇರಲಿ, ತೆರೆಯುವವಳು ನಾನೊಬ್ಬಳೇ ತಾನೇ.

ಒಬ್ಬಳೇ ಅಲ್ಲ. ಹಳೇಬೀಡು ಸೆಂಟರಿನ ಹೇಮಾಶ್ರೀ ಫೋನ್ ಮಾಡಿದಳು. "ಮೇಡಂ, ನಮ್ಮ ಚುಕ್ಕೆ ಬೇಲೂರ್ದಕ್ಕಿಂತ ಚಿಕ್ಕದಾಗೈತೆ, ಯಾಕೆ?" ಹಾಲು ಕಮ್ಮಿ ಬಂದಿದೆ ಅಂದೆ. ನಂಬಲಿಲ್ಲ.

ಸೆಪ್ಟೆಂಬರ್ 30, ಮಂಗಳವಾರ

ಎರಡು ವಾರ ಬರೆಯಲಿಲ್ಲ. ಬರೆಯುವಂಥದ್ದೇನೂ ಆಗಲಿಲ್ಲ — ನನ್ನ ಕೆಲಸದಲ್ಲಿ ಅದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಒಂದು ದಿನವೂ ತಡವಾಗಿಲ್ಲ. ಇನ್ನು ಎರಡೇ ದಿನ.

ನಾಳೆ ಆಯುಧಪೂಜೆ. ಮಧ್ಯಾಹ್ನವೇ ಆಫೀಸಿಗೆ ಮಾವಿನೆಲೆ ಬಂತು. ಸೆಂಟರ್‌ಗಳ ವಾಟ್ಸಾಪ್ ಗ್ರೂಪಿನಲ್ಲಿ ಹೇಮಾಶ್ರೀ ಕೇಳಿದಳು, ಪೂಜೆಗೆ ಕಂಪ್ಯೂಟರಿನಲ್ಲಿ ಏನು ಹಾಕಿರಬೇಕು? ಹೋದ ವರ್ಷ ಕಪ್ಪು ಸ್ಕ್ರೀನಿಗೆ ಆರತಿ ಎತ್ತಿ ಫೋಟೋ ಚೆನ್ನಾಗಿ ಬರಲಿಲ್ಲವಂತೆ. "ಮ್ಯಾಪ್ ಪೇಜ್ ಹಾಕಿ, ಲಕ್ಷಣವಾಗಿ ಕಾಣುತ್ತೆ!" ಎಂದು ಬರೆದೆ. ಎಲ್ಲರೂ ಕೈ ಮುಗಿದರು.

ಅಕ್ಟೋಬರ್ 1, ಬುಧವಾರ, ಮಧ್ಯಾಹ್ನ

ಫೋಟೋಗಳ ಮೇಲೆ ಫೋಟೋ. ಚೆಂಡುಹೂವು, ವಿಭೂತಿ, ಕುಂಕುಮ, ನಡುವೆ ನನ್ನ ಮ್ಯಾಪು. ಕಣ್ಣು ತುಂಬಿತು, ಸುಳ್ಳೇಕೆ.

ಸಂಜೆ 4 ಗಂಟೆ

ಅಯ್ಯೋ.

ಫೋನಿನಲ್ಲಿ ನೋಡಿದೆ. ಕೆಪಾಸಿಟಿ ಕಂಠದವರೆಗೆ ತುಂಬಿದೆ. ಹಬ್ಬದ ದಿನ ಯಾರು ಇಷ್ಟು ಕೆಲಸ ಮಾಡುತ್ತಿದ್ದಾರೆ ಅಂದರೆ — ಯಾರೂ ಇಲ್ಲ! ಹದಿನೆಂಟು ಸೆಂಟರಿನಲ್ಲೂ ಮ್ಯಾಪ್ ತೆರೆದೇ ಇದೆ. ಅರ್ಧ ನಿಮಿಷಕ್ಕೊಮ್ಮೆ ಹದಿನೆಂಟೂ ಒಟ್ಟಿಗೆ ಹೊಸದಾಗುತ್ತಿವೆ. ದೀಪ ಆರಬಾರದು ಅಂತ ಸ್ಕ್ರೀನೂ ಆರದ ಹಾಗೆ ಸೆಟ್ಟಿಂಗ್ ಬೇರೆ ಮಾಡಿದ್ದಾರೆ. ಅವುಗಳ ಹಿಂದೆ ಸಂಜೆಯ ರಿಪೋರ್ಟ್ ಸರದಿಗೆ ಕಾದು ನಿಲ್ಲುತ್ತದೆ. ಆರೂವರೆಗೆ ಅದು ಬರಲೇಬೇಕು. ಹಸುಗಳಿಗೆ ರಜೆ ಇಲ್ಲ.

ಬೇಲೂರು ಸೆಂಟರಿನ ತಮ್ಮಯ್ಯನಿಗೆ ಫೋನ್ ಮಾಡಿ ಪೇಜ್ ಮುಚ್ಚಿ ಅಂದೆ.

"ಪೂಜೆ ಆಗ್ಬುಟ್ಟೈತೆ ಮೇಡಂ. ಇನ್ನು ನಾಳೆಗಂಟ ಮುಟ್ಟಂಗಿಲ್ಲ."

"ಒಂದು ಸಲ ಒತ್ತಿದ್ರೆ ಸಾಕು, ತಮ್ಮಯ್ಯ."

"ನೀವು ಮುಟ್ಟಿದ್ದೀರಾ ನಿಮ್ದು?"

ಮುಟ್ಟಿಲ್ಲ. ನನ್ನ ಲ್ಯಾಪ್‌ಟಾಪೂ ಆಫೀಸಿನಲ್ಲಿ ಪೂಜೆಗೆ ಕೂತಿದೆ. ಆಫೀಸಿಗೆ ಬೀಗ, ಬೀಗದ ಕೈಗೂ ಪೂಜೆ — ಅದು ಸರ್ ಮನೆಯ ದೇವರ ಕೋಣೆಯಲ್ಲಿದೆ. ಫೋನಿನಿಂದ ಪೇಜ್ ನಿಲ್ಲಿಸಲು ಬರುವುದಿಲ್ಲ. ಏರಿಸಲು ಬರುತ್ತದೆ. ಒತ್ತಿದೆ. 'ಪುಟ್ಟಸ್ವಾಮಿಯವರ ಒಪ್ಪಿಗೆಗೆ ಕಾಯಲಾಗುತ್ತಿದೆ' ಎಂದಿತು. ಸರ್ ಫೋನ್ ರಿಂಗಾಗುತ್ತದೆ, ಎತ್ತುವವರಿಲ್ಲ. ಸ್ಕೂಟರ್ ತೆಗೆಯುತ್ತೇನೆ. ಅದಕ್ಕೂ ಹಾರ ಹಾಕಿದೆ, ಇರಲಿ, ನಿಂಬೆಹಣ್ಣು ತುಳಿಸಿ ಓಡಿಸಿದ್ದಾಗಿದೆ.

ರಾತ್ರಿ, ಊಟಕ್ಕೆ ಮುಂಚೆ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಸರ್ ಮನೆಗೆ ಹೋದರೆ ಅವರ ಫೋನು ದೇವರ ಮುಂದೆ ಮಲಗಿತ್ತು. ಮೇಲೊಂದು ಸೇವಂತಿಗೆ. ನಾನು ಒತ್ತಿದಾಗಲೆಲ್ಲ ಹೂವಿನ ಕೆಳಗೆ ಗುಂಯ್ ಅನ್ನುತ್ತಿತ್ತು. ಪಕ್ಕದಲ್ಲಿ ಅವರ ತಾಯಿ ಹುಚ್ಚಮ್ಮನವರ ಕಾವಲು.

"ಅವ್ವ, ಒಂದೇ ನಿಮಿಷ, ಓಕೆ ಒತ್ತಿ ಇಟ್ಬಿಡ್ತೀನಿ," ಅಂದರು ಸರ್. ಟ್ಯಾಂಕರ್ ಡ್ರೈವರ್‌ಗಳನ್ನೆಲ್ಲ ನಡುಗಿಸುವ ಸರ್!

"ಮುಟ್ಟಿದ್ರೆ ನೋಡು. ವರ್ಷೆಲ್ಲ ಕಿವೀಗೆ ಅಂಟ್ಕಂಡಿರ್ತದೆ, ಒಂದಿನ ಸುಮ್ನೆ ಮನಿಕ್ಕಳ್ಳಿ ಅದು. ಬಾರವ್ವ, ಕೋಸಂಬರಿ ತಿನ್ನು."

"ಅಜ್ಜಿ, ಹಾಲು ಕೆಟ್ಟೋಗುತ್ತೆ."

"ಕೋಸಂಬ್ರಿ ತಿನ್ನಕ್ಕೂ ಹಾಲ್ಗೂ ಏನವ್ವ ಸಂಬಂಧ?"

ಸರ್ ನನ್ನ ಮುಖ ನೋಡಲಿಲ್ಲ. "ನಾಳೆ ಬೆಳಿಗ್ಗೆ ಬಾರಮ್ಮ," ಅಂದರು, ಮೆಲ್ಲಗೆ. ಸಿಟ್ಟು ನೆತ್ತಿಗೇರಿತು. ನನ್ನ ಕೈ ಕಟ್ಟಿಹಾಕಿ, ಬಿದ್ದರೆ ನಿನ್ನದೇ ತಪ್ಪು ಅನ್ನುವ ಏರ್ಪಾಡು ಇದು. ಕೋಸಂಬರಿ ಮಾತ್ರ ತಿಂದೆ. ಚೆನ್ನಾಗಿತ್ತು.

ಜಗಲಿಯಲ್ಲಿ ಕೂತಾಗ ಹೊಳೆಯಿತು. ತಮ್ಮಯ್ಯನಿಗೇ ಮತ್ತೆ ಫೋನ್.

"ಆಫೀಸ್ ರೂಮಿನ ಮೇನ್ ಸ್ವಿಚ್‌ಗೆ ಕುಂಕುಮ ಇಟ್ಟಿದ್ದೀರಾ?"

ಹೋಗಿ ನೋಡಿ ಬಂದ. "ಇಲ್ಲ ಮೇಡಂ."

"ಹಾಗಾದ್ರೆ ಅದು ಆಯುಧ ಅಲ್ಲ. ಆಫ್ ಮಾಡಿ."

"ಹೌದಲ್ವಾ!" ಅಂದ. ಟಪ್.

ಗ್ರೂಪಿನಲ್ಲಿ ಹಾಕಿದೆ: 'ಕುಂಕುಮ ಇಡದೆ ಉಳಿದಿರುವ ಸ್ವಿಚ್ಚು, ಪ್ಲಗ್ಗು, ವೈಫೈ ಡಬ್ಬಿ ಯಾವುದಿದೆಯೋ ಅದನ್ನು ಆಫ್ ಮಾಡಿ. ಆಫೀಸ್ ರೂಮಿನದು ಮಾತ್ರ! ತೂಕದ ಮಿಷಿನ್, ಹಾಲು ತಣ್ಣಗಿಡುವ ಮಿಷಿನ್ ಮುಟ್ಟಿದವರನ್ನು ನಾನೇ ನೋಡಿಕೊಳ್ಳುತ್ತೇನೆ.' ಒಂದೊಂದೇ ಸೆಂಟರ್ ಬಿಟ್ಟುಕೊಟ್ಟಿತು. ಹಳೇಬೀಡು ಮಾತ್ರ ಅಲುಗಲಿಲ್ಲ. "ಸ್ವಿಚ್ಚಿಗೂ ಇಟ್ಟೀವಿ ಮೇಡಂ, ಪ್ಲಗ್ಗಿಗೂ, ವೈಫೈಗೂ. ಮೂರ್ ಮೂರ್ ಬೊಟ್ಟು," ಅಂದಳು ಹೇಮಾಶ್ರೀ, ಹೆಮ್ಮೆಯಿಂದಲೇ. ಹೋಗಲಿ, ಒಂದು ಮ್ಯಾಪಿನ ಭಾರ ತಡೆಯಬಹುದು.

ರಿಪೋರ್ಟ್ ಏಳು ಗಂಟೆಗೆ ಬಂತು. ಅರ್ಧ ಗಂಟೆ ತಡ.

ಯಾರಿಗೂ ಗೊತ್ತಾಗಲಿಲ್ಲ. ಡ್ರೈವರ್‌ಗಳೆಲ್ಲ ಬೂದುಗುಂಬಳ ಒಡೆದು, ಪುರಿ ಹಂಚಿ, ಟ್ಯಾಂಕರ್ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹೊರಟಿದ್ದೇ ಏಳೂಕಾಲಿಗೆ. ಹಾಲು ಒಂದು ತೊಟ್ಟೂ ಕೆಡಲಿಲ್ಲ.

ನಮ್ಮವರಿಗೆ ಹೇಳಿದೆ. "ಯಾರೂ ಕೇಳಿಲ್ಲ ಅಂದ್ಮೇಲೆ ಸುಮ್ನಿರೇ," ಅಂದರು ದೇವರಾಜ್. ಸುಮ್ಮನಿರಬಹುದು. ಆದರೆ ಒಂದು ಸಲ ಅಂದರೆ ಒಂದು ಸಲವೇ. ಮ್ಯಾಪ್ ಹಾಕಿ ಅಂದವಳೂ ನಾನೇ. ಹೀಗೆ ಬಚ್ಚಿಟ್ಟು ಉಳಿಸಿಕೊಂಡ ಕೆಲಸವನ್ನು ನನ್ನದು ಅನ್ನುವುದು ಹೇಗೆ?

ಅಕ್ಟೋಬರ್ 3, ಶುಕ್ರವಾರ

ಹೇಳಿಬಿಟ್ಟೆ. ಸರ್ ಚೇಂಬರಿನಲ್ಲಿ ನಿಂತುಕೊಂಡೇ. "ಬುಧವಾರ ಅರ್ಧ ಗಂಟೆ ತಡವಾಯ್ತು ಸರ್. ಮ್ಯಾಪ್ ಹಾಕಿ ಅಂತ ಎಲ್ಲರಿಗೂ ಹೇಳಿದ್ದು ನಾನೇ. ಬೆಂಗಳೂರಿನವರಿಗೆ ಕೊಡೋದಾದ್ರೆ ಕೊಡಿ."

 

"ಗೊತ್ತು, ಕುಂತ್ಕೋ," ಅಂದರು. "ನೀನು ಹೋದ್ಮೇಲೆ ಪಕ್ಕದ ಮನೆಯೋರ ಫೋನಿಂದ ಬೆಂಗಳೂರೋರಿಗೆ ಮಾಡ್ದೆ. ದೊಡ್ಡ ಸೈಜಿನೋರು, ಏನಾರ ದಾರಿ ಹೇಳ್ತಾರೇನೋ ಅಂತ. ನಾಕು ಸಲ ರಿಂಗಾಯ್ತು, ಯಾರೂ ಎತ್ತಲಿಲ್ಲ. ಇವತ್ತು ಬೆಳಿಗ್ಗೆ ಅವರೇ ಮಾಡವ್ರೆ. ಏನಂದ್ರು ಗೊತ್ತಾ? ಹ್ಯಾಪಿ ದಸರಾ ಸರ್ ಅಂದ್ರು."

ನನಗೆ ನಗು ತಡೆಯಲಾಗಲಿಲ್ಲ. ಅವರಿಗೂ.

ಆಮೇಲೆ ಪೇಪರ್‌ವೇಟ್ ತಿರುಗಿಸುತ್ತಾ ಹೇಳಿದರು. "ತಡ ನಿಂದಲ್ಲ ಕಣಮ್ಮ. ಓಕೆ ಒತ್ತೋನು ನಾನಿದ್ದೆ, ಒತ್ತಲಿಲ್ಲ. ಅವ್ವಂಗೆ ಹೆದರ್ಕೊಂಡು ಕೂತಿದ್ದೆ. ಇನ್ಮೇಲೆ ಅದು ನನ್ನ ಫೋನಿಗೆ ಬರೋದು ಬೇಡ. ನಿನ್ನ ಫೋನಿಗೇ ಹಾಕ್ಕೊ. ಯಾವತ್ತು ಏರ್ಸ್ಬೇಕು, ಯಾವತ್ತು ಇಳಿಸ್ಬೇಕು, ನೀನೇ ನೋಡ್ಕೊ."

"ನಿಮ್ಮನ್ನ ಕೇಳ್ದೆ?"

"ಆಮೇಲೆ ಹೇಳು, ಸಾಕು."

ಹೊರಗೆ ಬಂದು ಬಾತ್‌ರೂಮಿನಲ್ಲಿ ಮುಖ ತೊಳೆದುಕೊಂಡೆ. ಎರಡು ಸಲ.

ಅಕ್ಟೋಬರ್ 4, ಶನಿವಾರ, ಸಂಜೆ

ಸೆಟ್ಟಿಂಗ್ ಬದಲಾಯಿತು. ಸರ್ ಹೆಸರು ತೆಗೆದು ನನ್ನ ಹೆಸರು. ಮ್ಯಾಪ್ ಗಂಟೆಗೊಮ್ಮೆ ಮಾತ್ರ ಹೊಸದಾಗುವ ಹಾಗೆ ಮಾಡಿದೆ. ಹೇಮಾಶ್ರೀ ಬೇಜಾರು ಮಾಡಿಕೊಂಡಿದ್ದಾಳೆ.

ಸರಿಯಾಗಿದೆಯೇ ಎಂದು ಒಂದು ಸಲ ಪರೀಕ್ಷೆ ಮಾಡಬೇಕಲ್ಲ. ಕೆಪಾಸಿಟಿಯನ್ನು ಒಂದು ಮೆಟ್ಟಿಲು ಏರಿಸಿದೆ. ನನ್ನದೇ ಫೋನ್ ಗುಂಯ್ ಅಂದಿತು. 'ದ್ರಾಕ್ಷಾಯಣಿಯವರ ಒಪ್ಪಿಗೆಗೆ ಕಾಯಲಾಗುತ್ತಿದೆ.' ಕಾಯಲಿ ಅಂತ ಸ್ವಲ್ಪ ಹೊತ್ತು ಕಾಯಿಸಿದೆ. ಆಮೇಲೆ ಓಕೆ ಒತ್ತಿದೆ.

ಏರಿತು. ಅಷ್ಟೇ, ಯಾರನ್ನೂ ಕೇಳದೆ ಏರಿತು.

ಈಗ ಇಳಿಸಬೇಕು, ಇವತ್ತು ಇಷ್ಟು ದೊಡ್ಡದು ಯಾತಕ್ಕೂ ಬೇಕಾಗಿಲ್ಲ. ಇಳಿಸುತ್ತೇನೆ. ಇನ್ನೊಂದೇ ನಿಮಿಷ ಕಣ್ತುಂಬ ನೋಡಿ, ಆಮೇಲೆ.