ದ್ರೌಪತಮ್ಮನ ಎರಡನೆಯ ಫೋಟೋ

ಮೇ ೧೪, ಬುಧವಾರ. ಹುಮನಾಬಾದ್.

ಆ ಹಳೆಯ ಸಾಫ್ಟ್‌ವೇರ್ ಯಾಕೆ ಬಿಟ್ಟೆನೋ! ನಿಧಾನ, ನಿಜ, ಆದರೆ ಕ್ಯಾಮೆರಾದಲ್ಲಿದ್ದದ್ದನ್ನೆಲ್ಲ ಕಂಪ್ಯೂಟರಿಗೆ ತರುತ್ತಿತ್ತು. ಹೊಸದು, ಒಂದೇ ಥರ ಕಾಣುವ ಫೋಟೋ ಬಿಟ್ಟುಬಿಡಲೇ ಎಂದು ಕೇಳಿತು. ಬೇಗ ಮುಗಿಯಲಿ ಎಂದು ಒಪ್ಪಿದೆ. ಯಾರಾದರೂ ಕಣ್ಣು ಮುಚ್ಚಿಯೇ ಮುಚ್ಚುತ್ತಾರೆಂದು ಪ್ರತಿ ಫೋಟೋ ಎರಡು ಸಲ ಹೊಡೆಯುವವನು ನಾನು! ಅದು ಮೊದಲನೆಯದನ್ನಷ್ಟೇ ತಂದಿತು. ನಾನು ನೋಡದೆ ಕಾರ್ಡ್ ಅಳಿಸಿದೆ.

ಇಂದು ಹುಲಸೂರಿನ ದ್ರೌಪತಮ್ಮ, ಬೌದ್ಧ ಪದ್ಧತಿಯಲ್ಲಿ ನಡೆದ ಮಗಳ ಮದುವೆಯ ಫೋಟೋ ನೋಡಲು ಅಂಗಡಿಗೆ ಬಂದಿದ್ದರು. ಮದುಮಗಳ ಪಕ್ಕ ಅವರು ನಿಂತದ್ದು ಒಂದೇ ಫೋಟೋದಲ್ಲಿ. ಅದರಲ್ಲಿ ಅವರ ಕಣ್ಣು ಮುಚ್ಚಿವೆ. ನಡೆದದ್ದನ್ನು ಹೇಳಿದೆ.

"ಇರಲಿ ಬಿಡ್ರಿ ಅಣ್ಣಾ. ಯಾರರೆ ಕೇಳಿದ್ರ, ಬುದ್ಧವಂದನಾ ಹೇಳಾಕತ್ತಿದ್ದೆ ಅಂತೀನಿ."

ನಕ್ಕೇ ಹೋದರು. ನಾಲ್ಕು ಮಾತು ಬೈದಿದ್ದರೆ ಇಷ್ಟೊತ್ತಿಗೆ ನನಗೂ ಕಣ್ಣು ಮುಚ್ಚಲು ಆಗುತ್ತಿತ್ತು.