ಸೌಟಿನಲ್ಲಿ ತಡೆದ ತೆಂಗಿನಕಾಯಿ

ನೀವು ಇದನ್ನು ಓದುವುದಿಲ್ಲ. ಆದರೂ ಇವತ್ತು ಮನೆಯಲ್ಲಿ ನಡೆದದ್ದನ್ನು ನಿಮಗಲ್ಲದೆ ಇನ್ಯಾರಿಗೂ ಹೇಳಲಾರೆ.

ನಿಮ್ಮ ಹನ್ನೊಂದನೇ ದಿನದ ಕಾರ್ಯಕ್ಕೆ ಪಾಪಯ್ಯನವರು ಬೆಂಗಳೂರಿನಿಂದ ತೊಂಡೇಬಾವಿಗೆ ರೈಲಿನಲ್ಲಿ ಬಂದರು. ಮಂಡಿ ಮುರಿದು ಆಟ ಬಿಟ್ಟ ಮೇಲೆ ಅವರು ಗೌರಿಬಿದನೂರು, ಚಿಂತಾಮಣಿ ಸುತ್ತಿ, ಕಾರ್ಖಾನೆಯ ಹಾಕಿ ತಂಡಕ್ಕೆ ಹುಡುಗರನ್ನು ಆರಿಸುತ್ತಾ ಆ ತಂಡದ ಕಾರ್ಯದರ್ಶಿಯಾದರೆಂದು ನೀವೇ ಹೆಮ್ಮೆಯಿಂದ ಹೇಳುತ್ತಿದ್ದಿರಿ. ನಿಮ್ಮನ್ನು ಆರಿಸಿದವರೂ ಅವರೇ. ಮೈದಾನದಲ್ಲಿ ಚೆಂಡು ಹಣೆಗೆ ಬಡಿದು ನೀವು ಕೊನೆಯ ಸಲ ಬಿದ್ದಾಗ ಎತ್ತಿಕೊಂಡವರೂ ಅವರೇ ಅಂತೆ. ಅತ್ತೆಯ ಮುಂದೆ ಕೂತು ತುಂಬಾ ಅತ್ತರು.

ಊಟದ ಹೊತ್ತಿಗೆ ನಿಮ್ಮ ತಮ್ಮ ಆವಲಪ್ಪ ಸಾರು ಬಡಿಸುತ್ತಿದ್ದ. ಪೂಜೆಯ ತೆಂಗಿನಕಾಯಿಯೊಂದು ಜಗಲಿಯಿಂದ ಉರುಳಿ ಎಲೆಗಳ ಕಡೆ ಬಂತು. ಅವನು ಅತ್ತ ಸರಿಯಾಗಿ ನೋಡದೆಯೇ ಬಗ್ಗಿ ಸೌಟಿನಲ್ಲಿ ತಡೆದ. ಬಕೆಟ್ಟಿನ ಸಾರು ತುಳುಕಲಿಲ್ಲ. ಪಾಪಯ್ಯನವರ ಕೈ ಎಲೆಯ ಮೇಲೇ ನಿಂತಿತು.

“ಇನ್ನೊಂದ್ಸಲ ಉರುಳಿಸ್ರಪ್ಪ,” ಅಂದರು.

“ಸಾವಿನ್ ಮನೆ ಕಣಯ್ಯ, ಮೊದ್ಲು ಅನ್ನ ತಿನ್ನು,” ಎಂದು ನಿಮ್ಮ ಸೋದರಮಾವ ಗದರಿದರು. ಪಾಪಯ್ಯನವರು ತಲೆ ತಗ್ಗಿಸಿದರು. ಅತ್ತೆ ಅವರನ್ನು ಬೈದು ಅಟ್ಟುತ್ತಾರೆಂದು ನಾನು ಬಾಗಿಲ ಹಿಂದೆ ಕಾದೆ.

ಅತ್ತೆ ಕಣ್ಣೊರೆಸಿಕೊಂಡು, “ಇವ್ನನ್ನ ಆಟಕ್ಕೆ ಯಾವತ್ತು ಕಳಿಸ್ಬೇಕು, ಸಾಮಿ?” ಅಂದರು.

ಆವಲಪ್ಪನ ಮುಖ ನೋಡಿದೆ. ನಿಮ್ಮನ್ನು ಆರಿಸಿದ ದಿನ ನೀವು ಮಾಡಿದ ಹಾಗೇ, ನಗು ತಡೆದುಕೊಳ್ಳುತ್ತಿದ್ದ.

“ಅವ್ರಣ್ಣನ್ ಸ್ಟಿಕ್ ತಂದ್ಕೊಡಮ್ಮ ಇವ್ನಿಗೆ,” ಎಂದರು ಅತ್ತೆ.

ಅಟ್ಟದಿಂದ ಇಳಿಸಿದೆ. ಬೆವರಿಗೆ ನಿಮ್ಮ ಕೈ ಜಾರದಿರಲೆಂದು ಹಿಡಿಗೆ ನಾನು ಸುತ್ತಿದ್ದ ಸೀರೆಯ ಅಂಚು ಸಡಿಲವಾಗಿತ್ತು. ಬಿಗಿಯಾಗಿ ಸುತ್ತಿ ಕೊಟ್ಟೆ.