ಅವಳು ಹೇಳಿದಳು, ನಾನು ಗುಡಿಸಿದೆ

ಮನೆಯಿಂದ,
ಬುಧವಾರ, ಬೆಳಗಿನ ಜಾವ ಮೂರು ಇಪ್ಪತ್ತು

ಪುಟ್ಟಿಯ ಅಪ್ಪನಿಗೆ ಪ್ರೀತಿಯಿಂದ,

ಜಿಪ್ ಎಳೆಯುವ ಸದ್ದಿಗೆ ಎಚ್ಚರವಾಯಿತು. ಪಕ್ಕದ ಕೋಣೆಯಲ್ಲಿ ನಮ್ಮ ಕೆಲಸದವಳು, ನನ್ನ ದಾದಾ, ತನ್ನ ಚೀಲ ಮುಚ್ಚುತ್ತಿದ್ದಾಳೆ. ಮಗು ಏಳಬಾರದೆಂದು ಜಿಪ್ಪನ್ನು ಒಂದೊಂದೇ ಹಲ್ಲಾಗಿ ಎಳೆಯುತ್ತಾಳೆ, ಹಾಗಾಗಿ ಆ ಸದ್ದು ಮುಗಿಯುವುದೇ ಇಲ್ಲ. ಮಲಗಲಾರದೆ ಅಡುಗೆಮನೆಯ ಮೇಜಿಗೆ ಬಂದು ಕೂತೆ. ಮೊದಲು ನಿಮ್ಮ ಬೆನ್ನು ಹೇಗಿದೆ? ಕ್ರೇನಿನ ಗೂಡಿನಲ್ಲಿ ರಾತ್ರಿಯೆಲ್ಲ ಕೂರುವವರು ಸೊಂಟಕ್ಕೆ ಬೆಲ್ಟ್ ಕಟ್ಟಿಕೊಳ್ಳದೆ ಸೂಟ್‌ಕೇಸಿನಲ್ಲಿಟ್ಟರೆ ಅದು ಸೂಟ್‌ಕೇಸಿನ ಬೆನ್ನನ್ನಷ್ಟೇ ಕಾಯುತ್ತದೆ. ಪುಟ್ಟಿಗೆ ಕೆಳಗಿನ ಎರಡು ಹಲ್ಲು ಪೂರ್ತಿ ಬಂದಿವೆ, ನನ್ನ ಹೆಗಲ ಮೇಲೆ ಗುರುತಿದೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ರೂಢಿ. ಬರೆದಿದ್ದೇನೆ ಎಂದುಕೊಳ್ಳಿ.

ನೀವು ಶಿಫ್ಟಿಗೆ ಹೋಗುವಾಗ ಗೇಟಿನಲ್ಲಿ ಕೊಟ್ಟ ಫೋನು ಐದು ಗಂಟೆಗೆ ಕೈಗೆ ಬರುತ್ತದಲ್ಲ, ಅಷ್ಟರೊಳಗೆ ಇದರ ಫೋಟೋ ತೆಗೆದು ಕಳಿಸಿರುತ್ತೇನೆ. ಮಾತಿನಲ್ಲಿ ಹೇಳಹೊರಟರೆ ನೀವು ನಡುವೆ ಬಾಯಿ ಹಾಕುತ್ತೀರಿ, ನಾನು ಅಳುತ್ತೇನೆ, ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ.

ನಿನ್ನೆ ಸಂಜೆ ಏಜೆನ್ಸಿಯ ಹುಡುಗಿ ಫೋನ್ ಮಾಡಿದ್ದಳು. ಎಂಟಕ್ಕೆ ಗಾಡಿ ಬಂದು ದಾದಾಳನ್ನು ಕರೆದೊಯ್ಯುತ್ತದಂತೆ, ಬದಲಿಗೆ ನಮ್ಮ ಮಾತು ಬಲ್ಲ ಇನ್ನೊಬ್ಬಳು ನಾಲ್ಕು ದಿನದಲ್ಲಿ ಬರುತ್ತಾಳಂತೆ. "ನಿಮ್ಮ ಯಜಮಾನ್ರೇ ಬರೆದಿದಾರಲ್ಲ ಮೇಡಂ, ನಿಮಗೆ ಗೊತ್ತಿಲ್ವಾ?" ಅಂದಳು. ಗೊತ್ತು ಎಂದೆ, ನಿಮ್ಮ ಮರ್ಯಾದೆ ಉಳಿಯಲಿ ಎಂದು. ಬೇಡ, ಇವಳೇ ಇರಲಿ ಎಂದೂ ಹೇಳಿದೆ. ಕರಾರು ನಿಮ್ಮ ಹೆಸರಿನಲ್ಲಿದೆ, ನಿಮ್ಮ ಬಾಯಿಂದಲೇ ಬರಬೇಕಂತೆ, ಅದೂ ಆರಕ್ಕೆ ಗಾಡಿ ಹೊರಡುವ ಮೊದಲು. ಪ್ರಥಮ ದರ್ಜೆಯಲ್ಲಿ ಬಿ.ಎಸ್‌ಸಿ. ಪಾಸಾದವಳ ಮಾತಿಗೆ ಇಷ್ಟು ಬೆಲೆ.

ಹೋದ ತಿಂಗಳು ರಜೆಗೆ ಬಂದಾಗ ನೀವು ಬಾಗಿಲಲ್ಲಿ ನಿಂತು ಕಂಡದ್ದೇನು? ಕೆಲಸದವಳು ಕುರ್ಚಿಯಲ್ಲಿ ಕೂತು, ಮಗುವನ್ನು ತೊಡೆಯ ಮೇಲಿಟ್ಟುಕೊಂಡು "ಫಾಗಿಯಾ, ಫಾಗಿಯಾ" ಎನ್ನುತ್ತಿದ್ದಾಳೆ, ನಿಮ್ಮ ಹೆಂಡತಿ ಬಗ್ಗಿ ಕಸ ಗುಡಿಸುತ್ತಿದ್ದಾಳೆ. ಬೂಟು ಬಿಚ್ಚುವ ಮೊದಲೇ "ಈ ಮನೇಲಿ ಯಜಮಾನಿ ಯಾರೇ?" ಎಂದು ಕೇಳಿದಿರಿ. ಅತ್ತೆ ಫೋನಿನಲ್ಲೇ ಒಗ್ಗರಣೆ ಹಾಕಿದರು: "ತಲೆ ಮೇಲೆ ಕೂರಿಸ್ಕೊಂಡ್ರೆ ಕಿವೀಲಿ ಕಾಲಾಡಿಸ್ತಾಳೆ ಕಣಮ್ಮ." ನಾನು ಅಂದು ಬಾಯಿ ಬಿಡಲಿಲ್ಲ. ಇಂದು ಬಿಡುತ್ತೇನೆ. ಹೌದು, ಅವಳು ಹೇಳಿದಳು, ನಾನು ಗುಡಿಸಿದೆ. ನಾಳೆಯೂ ಗುಡಿಸುತ್ತೇನೆ.

ಅವಳು ಬಂದ ವಾರ, ಅವಳಿಗೆ ಬರುವುದು ಸ್ವಾಹಿಲಿಯೊಂದೇ ಎಂದು, ಮನೆಗೆಲಸದ ಮಾತುಗಳನ್ನು ಆ ಭಾಷೆಯಲ್ಲಿ ಎಲ್ಲಿಂದಲೋ ಹುಡುಕಿ, ನಮ್ಮ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದವರು ನೀವೇ. ಮೂವತ್ತೊಂದು ಸಾಲು. ಫಾಗಿಯಾ, ಗುಡಿಸು. ಓಶಾ ವ್ಯೋಂಬೋ, ಪಾತ್ರೆ ತೊಳೆ. ಫುವಾ ನ್‌ಗುವೋ, ಬಟ್ಟೆ ಒಗೆ. ತಂಡಿಕಾ ಕಿಟಾಂಡಾ, ಹಾಸಿಗೆ ಹಾಸು. "ಪರೀಕ್ಷೆಗೆ ಓದಿದ ಹಾಗೆ ಓದು" ಅಂದಿರಿ. ಓದಿದೆ. ಒಂದು ಮಧ್ಯಾಹ್ನ ಪುಟ್ಟಿ ಮಲಗಿದ್ದಾಗ ಫ್ರಿಜ್ಜಿನ ಮುಂದೆ ನಿಂತು ಮೊದಲ ಸಾಲಿನಿಂದ ಗಟ್ಟಿಯಾಗಿ ಬಾಯಿಪಾಠ ಮಾಡಿದೆ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಉರುಹೊಡೆದ ಹಾಗೆ, ಒಂದೊಂದನ್ನು ಬಾಯಿಗೆ ಬರುವ ತನಕ. ಹಿಂದೆ ಅವಳು ಓಡಾಡುತ್ತಿದ್ದುದು ಕೇಳಿಸುತ್ತಿತ್ತು. ಹತ್ತೊಂಬತ್ತನೆಯ ಸಾಲಿಗೆ ತಿರುಗಿ ನೋಡುತ್ತೇನೆ: ತೊಳೆದಿಟ್ಟ ಪಾತ್ರೆಗಳೆಲ್ಲ ಮತ್ತೆ ಒದ್ದೆ, ಮಡಚಿಟ್ಟ ಬಟ್ಟೆ ಬಕೆಟ್ಟಿನಲ್ಲಿ ನೆನೆಯುತ್ತಿದೆ, ಹಾಸಿದ ಹಾಸಿಗೆ ಬಿಚ್ಚಿ ಮತ್ತೆ ಹಾಸಿದೆ. ಹತ್ತೊಂಬತ್ತನೆಯದು ಬಾಗಿಲು ಹಾಕು ಎಂದು. ಅವಳು ಬಾಗಿಲು ಹಾಕಿ, ಅಗುಳಿಯ ಮೇಲೆ ಕೈಯಿಟ್ಟು, ಇಪ್ಪತ್ತನೆಯದಕ್ಕೆ ಕಾಯುತ್ತ ನಿಂತಿದ್ದಳು. ಬೆವರುತ್ತಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸಲೀಸಾಗುತ್ತಿತ್ತು.

ಅಂದೇ ಪೊರಕೆ ನಾನು ಹಿಡಿದೆ. ನೀನು ಹೇಳು, ನಾನು ಮಾಡುತ್ತೇನೆ ಎಂದು ಕೈಸನ್ನೆ ಮಾಡಿದೆ. ಅವಳಿಗೆ ಅರ್ಥವಾಗಲು ಎರಡು ದಿನ ಬೇಕಾಯಿತು, ಆಮೇಲೆ ಮೂಲೆ ಬಿಟ್ಟರೆ ಬೆರಳು ತೋರಿಸಿ ಗದರುವಷ್ಟು ಮೇಷ್ಟ್ರಾದಳು. ನಾನು ಕಲಿತ ಸ್ವಾಹಿಲಿಯೆಲ್ಲ ಬಗ್ಗಿ ಕಲಿತದ್ದು. ಅವಳನ್ನು ದಾದಾ ಎನ್ನುವುದೂ ಹಾಗೇ ಬಂತು. ಅವರಲ್ಲಿ ದಾದಾ ಎಂದರೆ ಅಕ್ಕ. ನಮ್ಮಲ್ಲಿ ದಾದಾ ಅಂದರೆ ಎಂಥವನೆಂದು ನಿಮಗೆ ಗೊತ್ತು. ಇವಳು ಇರುವೆ ಸಾಲಿಗೂ ದಾರಿ ಬಿಟ್ಟು ನೆಲ ಒರೆಸುವವಳು.

ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ಮಾತನ್ನೂ ಕಲಿಸಿದಳು. ಒಂದು ದಿನ ನನ್ನ ಕೈಯಿಂದ ಪೊರಕೆ ಕಿತ್ತುಕೊಂಡು "ಪುಮ್ಜಿಕಾ, ಮಾಮಾ" ಅಂದಳು. ಸ್ವಲ್ಪ ಸುಧಾರಿಸಿಕೋ ತಾಯಿ, ಎಂದು. ಹೆತ್ತು ಹದಿಮೂರು ತಿಂಗಳಾಯಿತು. ನನಗೆ ಯಾರಾದರೂ ಆ ಮಾತು ಹೇಳಿದ್ದು ಅದೇ ಮೊದಲು. ನಮ್ಮ ಭಾಷೆಯಲ್ಲಿ ಆ ಮಾತಿಗೇನೂ ಬರವಿಲ್ಲ, ನಿಮಗೂ ಅದು ಬರುತ್ತದೆ.

ಹೊಸಬಳಿಗೆ ನಮ್ಮ ಮಾತು ಬರಬಹುದು. ಬರಲಿ, ಬೇರೆ ಯಾರದಾದರೂ ಮನೆಗೆ. ಈ ಮನೆಯಲ್ಲಿ ಹಗಲಿಡೀ ಇರುವವಳು ನಾನು, ಯಾರ ಜೊತೆ ಇರಬೇಕೆಂದು ನಾನು ಹೇಳುತ್ತೇನೆ. ಇದನ್ನು ಹಟ ಎನ್ನಿ, ಸೊಕ್ಕು ಎನ್ನಿ. ಮದುವೆಗೆ ಮುಂಚೆ ಇದನ್ನೇ ಧೈರ್ಯ ಎಂದು ಹೊಗಳುತ್ತಿದ್ದಿರಿ.

ಬೆಲ್ಟ್ ಕಟ್ಟಿಕೊಳ್ಳಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಅತ್ತೆಯವರಿಗೆ ನಮಸ್ಕಾರ ತಿಳಿಸಿ, ಒಗ್ಗರಣೆಯ ವಿಷಯ ತಿಳಿಸಬೇಡಿ.

ಇಂತಿ,
ಪುಟ್ಟಿಯ ಅಮ್ಮ

ತಾ.ಕ.: ಮರೆತದ್ದಲ್ಲ, ಬರೆಯಲು ಕೈ ಏಳಲಿಲ್ಲ. ಹೋದ ವಾರ ಪುಟ್ಟಿಯನ್ನು ಟಬ್ಬಿನಲ್ಲಿ ಕೂರಿಸಿ ಸ್ನಾನ ಮಾಡಿಸುತ್ತ ಕೂತಲ್ಲೇ ನಿದ್ದೆ ಹೋದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಕಣ್ಣು ಬಿಟ್ಟಾಗ ನನ್ನ ಕೈ ನೀರಿನಲ್ಲಿತ್ತು, ಮಗು ಇರಲಿಲ್ಲ. ದಾದಾ ಟವೆಲ್ಲಿನಲ್ಲಿ ಸುತ್ತಿ ಎತ್ತಿಕೊಂಡು ನಿಂತಿದ್ದಳು, ಪುಟ್ಟಿ ಕೆಮ್ಮುತ್ತಿದ್ದಳು. ಡಾಕ್ಟರಿಗೆ ತೋರಿಸಿದೆ, ಏನೂ ಆಗಿಲ್ಲ. ಅವಳು ಯಾರಿಗೂ ಹೇಳಲಿಲ್ಲ. ಅಂದಿನಿಂದ ಕರೆಯದಿದ್ದರೂ ಸ್ನಾನದ ಹೊತ್ತಿಗೆ ಬಂದು ನನ್ನ ಪಕ್ಕ ಕೂರುತ್ತಾಳೆ. ಎಂಟಕ್ಕೆ ಅವಳು ಹೋದರೆ, ಒಂಬತ್ತಕ್ಕೆ ಪುಟ್ಟಿಯ ಸ್ನಾನ. ನಾನು ನಿನ್ನೆಯೂ ಸರಿಯಾಗಿ ನಿದ್ದೆ ಮಾಡಿಲ್ಲ. ನನ್ನನ್ನು ಬೈಯುವುದಿದ್ದರೆ ರಜೆಗೆ ಬಂದು ಬೈಯಿರಿ, ಕೇಳಿಸಿಕೊಳ್ಳುತ್ತೇನೆ. ಈಗ ಫೋನು ಕೈಗೆ ಬಂದೊಡನೆ, ಮುಖ ಕೂಡ ತೊಳೆಯದೆ, ಏಜೆನ್ಸಿಗೆ ಮಾಡಿ. ಆಮೇಲೆ ನನಗೆ ಮಾಡಿ. ದಮ್ಮಯ್ಯ ಅನ್ನುತ್ತೇನೆ, ಬೆಳಕು ಹರಿಯುವ ಮೊದಲು ಮಾಡಿ.